ಹದಿಮೂರು ಕೋಟಿ ಮತ್ತು ಒಂದು ಕೊಡೆ

2024ರ ಅಕ್ಟೋಬರ್ 9ರಂದು ಕೇರಳದ ತಿರುವೋಣಂ ಬಂಪರ್ ಲಾಟರಿಯ 25 ಕೋಟಿ ರೂಪಾಯಿ ಹೊಡೆದದ್ದು ನಮ್ಮ ಪಾಂಡವಪುರದ ಒಬ್ಬ ಮೆಕ್ಯಾನಿಕ್‌ಗೆ. ಟಿಕೆಟ್ ಮಾರಾಟವಾದದ್ದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ. ಅದರಲ್ಲಿ ಮೈಸೂರಿನವರಾದ ನಿಮಗೇನು ಸಂಕಟ ಅಂತ ಕೇಳುತ್ತೀರಾ? ಸ್ವಲ್ಪ ಭೂಪಟ ತೆಗೆದು ನೋಡಿ. ಬತ್ತೇರಿ ಬಿಟ್ಟರೆ ಬಂಡೀಪುರದ ಕಾಡು, ಗುಂಡ್ಲುಪೇಟೆ, ನಂಜನಗೂಡು. ಆಮೇಲೆ? ಆಮೇಲೆ ಮೈಸೂರು ಸ್ವಾಮಿ, ಮೈಸೂರು! ಅಂದರೆ ಲಕ್ಷ್ಮೀದೇವಿ ನಮ್ಮ ಊರಿನ ಮೇಲೆಯೇ ಹಾದು, ರಿಂಗ್ ರೋಡ್ ಹಿಡಿದು, ಕಾವೇರಿ ದಾಟಿ, ಶ್ರೀರಂಗಪಟ್ಟಣ ಹಿಂದಕ್ಕೆ ಹಾಕಿ ಪಾಂಡವಪುರದಲ್ಲಿ ಇಳಿದಿದ್ದಾಳೆ. ದಾರಿಯಲ್ಲಿ ಸಿಕ್ಕ ಇಷ್ಟು ದೊಡ್ಡ ಊರಿನಲ್ಲಿ ಐದು ನಿಮಿಷ ನಿಂತಿದ್ದರೆ ಒಂದು ಲೋಟ ಕಾಫಿ ಕೊಡುತ್ತಿರಲಿಲ್ಲವೇ ನಾವು?

ಅವಳು ಯಾಕೆ ನಿಲ್ಲಲಿಲ್ಲ ಅನ್ನುವುದಕ್ಕೆ ನಮ್ಮ ಬೀದಿಯ ಸಂಸ್ಕೃತ ಮೇಷ್ಟ್ರ ಹತ್ತಿರ ಕಾರಣ ಇದೆ. ಅದು ನವರಾತ್ರಿಯ ವಾರ. ಮನೆಮನೆಯಲ್ಲೂ ಪುಸ್ತಕ ಜೋಡಿಸಿ, ವೀಣೆ ಇದ್ದವರು ವೀಣೆ ಇಟ್ಟು, ಸರಸ್ವತಿಯನ್ನು ಕೂರಿಸಿ ಉಪಚಾರ ಮಾಡುತ್ತಿದ್ದ ಹೊತ್ತು. ಬ್ರಹ್ಮ ವಿಷ್ಣುವಿನ ಮಗ, ಆದ್ದರಿಂದ ಸರಸ್ವತಿ ಲಕ್ಷ್ಮಿಗೆ ಸೊಸೆ. “ಸೊಸೆಗೆ ಚಕ್ಕುಲಿ ಕೋಡುಬಳೆ ನಡೀತಿರೋ ಮನೆಗೆ ಅತ್ತೆ ಯಾಕೆ ಕಾಲಿಡ್ತಾಳೆ ಹೇಳಿ?” ಅಂದರು ಮೇಷ್ಟ್ರು. ಮೈಸೂರಿನಲ್ಲಿ ಪದವೀಧರರು ಹೆಚ್ಚು, ಕೋಟ್ಯಧೀಶರು ಕಡಿಮೆ. ಇದಕ್ಕೆ ಇಷ್ಟು ಚೊಕ್ಕವಾದ ಕಾರಣವನ್ನು ಅರ್ಥಶಾಸ್ತ್ರದವರು ಯಾರೂ ಕೊಟ್ಟ ಹಾಗಿಲ್ಲ.

ಲಾಟರಿಯ ಸುದ್ದಿ ಬಂದ ಸಂಜೆ ನೀವೂ ಲೆಕ್ಕ ಹಾಕಿದ್ದೀರಿ. ಇಲ್ಲ ಅನ್ನಬೇಡಿ. ಸುದ್ದಿ ಕೇಳಿ “ಪಾಪ, ಬಡವನಿಗೆ ಒಳ್ಳೇದಾಯ್ತು ಬಿಡಿ” ಅಂತ ಬಾಯಲ್ಲಿ ಅಂದು, ರಾತ್ರಿ ಗೋಡೆ ಕಡೆಗೆ ಹೊರಳಿ ಮಲಗಿ, ಕಣ್ಣು ಮುಚ್ಚಿಕೊಂಡು, ಆ 25 ಕೋಟಿಯನ್ನು ನಿಮ್ಮ ಮನೆಯ ಗೋಡ್ರೇಜ್ ಬೀರುವಿನ ಯಾವ ಅರೆಯಲ್ಲಿ ಇಡುವುದು ಅಂತ ಯೋಚಿಸಿದ್ದೀರಿ. ಇಡೀ ಜಿಲ್ಲೆಯೇ ಯೋಚಿಸಿದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮರುದಿನ ಬೆಳಿಗ್ಗೆ ಯಾರೂ ಮೊಣಕಾಲು ನೋವಿನ ಮಾತೇ ಎತ್ತಲಿಲ್ಲ ಅಂದರೆ ಪರಿಸ್ಥಿತಿಯ ಗಾಂಭೀರ್ಯ ನಿಮಗೆ ಅರ್ಥವಾಗಬೇಕು.

ನಮ್ಮ ವಾಕಿಂಗ್ ಬಳಗದಲ್ಲಿ ಬ್ಯಾಂಕಿನವರು ಅಂತ ಒಬ್ಬರಿದ್ದಾರೆ. ನಿವೃತ್ತರಾಗಿದ್ದರೂ ಇನ್ನೊಬ್ಬರ ದುಡ್ಡು ಎಣಿಸುವ ಚಟ ಬಿಟ್ಟಿಲ್ಲ. ಅವರು ಕಲ್ಲುಬೆಂಚಿನ ಮೇಲೆ ಕೂತು ನಮಗೆಲ್ಲ ಲೆಕ್ಕ ಬಿಡಿಸಿ ಹೇಳಿದರು. 25 ಕೋಟಿಯಲ್ಲಿ ಟಿಕೆಟ್ ಮಾರಿದ ಏಜೆಂಟನಿಗೆ ಶೇ 10, ಅಂದರೆ ಎರಡೂವರೆ ಕೋಟಿ. ಉಳಿದದ್ದು ಇಪ್ಪತ್ತೆರಡೂವರೆ. ಅದರ ಮೇಲೆ ಶೇ 30 ಆದಾಯ ತೆರಿಗೆ, 6 ಕೋಟಿ 75 ಲಕ್ಷ. ಲಾಟರಿ ದುಡ್ಡಿಗೆ ಅದು ವಿನಾಯಿತಿ, ಇದು ವಿನಾಯಿತಿ ಅಂತ ಏನೂ ಇಲ್ಲ. ಎಲ್‌ಐಸಿ ರಸೀದಿ ತೋರಿಸಿದರೂ ನಡೆಯುವುದಿಲ್ಲ. ಆ ತೆರಿಗೆಯ ಮೇಲೆ ಸರ್ಚಾರ್ಜು, ಎರಡರ ಮೇಲೂ ಸೆಸ್ಸು. ಕೊನೆಗೆ ಕೈಗೆ ಬರುವುದು 13 ಕೋಟಿಯ ಆಸುಪಾಸು.

ಹದಿಮೂರು ಅನ್ನುತ್ತಲೇ ನಮ್ಮ ಬಳಗದ ಮೇಲೆ ಸೂತಕದ ಛಾಯೆ ಕವಿಯಿತು. ಹನ್ನೆರಡು ಕೋಟಿ ಹೋಯಿತಲ್ಲ! ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬರು ನಿಜವಾಗಿಯೂ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು. “ನಮ್ಮ ದುಡ್ಡು ಹೀಗೆ ಕಿತ್ಕೊಂಡ್ರೆ ಬದುಕೋದು ಹೇಗ್ರೀ” ಅಂದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಪಕ್ಕದ ಜಿಲ್ಲೆಯಲ್ಲಿ ಬೇರೆ ಯಾರಿಗೋ ಹುಟ್ಟಿದ ಕೂಸಿನ ಕುಲಾವಿ ಬಿಗಿಯಾಯಿತೆಂದು ಅಳುವವರನ್ನು ಕಂಡದ್ದು ಅವತ್ತೇ.

ಅಳು ಮುಗಿದ ಮೇಲೆ ಸಂತೋಷದ ಭಾಗಕ್ಕೆ ಬಂದೆವು. 13 ಕೋಟಿ ಬಂದರೆ ಏನು ಕೊಳ್ಳುತ್ತೀರಿ? ಕಡ್ಡಾಯವಾಗಿ ಭೋಗದ ವಸ್ತುವೇ ಆಗಬೇಕು, ಉಪಯೋಗಕ್ಕೆ ಬರುವಂಥದ್ದು ಆಗಕೂಡದು ಅಂತ ಷರತ್ತು ಹಾಕಿದೆ.

ಮೊದಲನೆಯವರು ಹೇಳಿದರು: ಸೈಟ್.

ಎರಡನೆಯವರು ಸ್ವಲ್ಪ ಯೋಚಿಸಿ ಹೇಳಿದರು: ಕಾರ್ನರ್ ಸೈಟ್.

ಮೂರನೆಯವರು ಈ ಇಬ್ಬರ ಮೂರ್ಖತನಕ್ಕೆ ನಕ್ಕು, “ಸೈಟ್ ಯಾಕ್ರೀ, ಈಗಿರೋ ಮನೆ ಮೇಲೇ ಇನ್ನೊಂದು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ರೆ ಆಯ್ತಪ್ಪ” ಅಂದರು. ಬ್ಯಾಂಕಿನವರು ಎಲ್ಲರನ್ನೂ ಮೀರಿಸಿದರು. 13 ಕೋಟಿಯನ್ನೂ ತಮ್ಮ ಹೆಸರಿಗೆ ಎಫ್‌ಡಿ ಮಾಡುತ್ತಾರಂತೆ. ಯಾಕೆಂದರೆ ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ! ಇದನ್ನು ಹೇಳುವಾಗ ಅವರ ಮುಖದಲ್ಲಿ ಮೂಡಿದ ಕಳೆಯನ್ನು ನೀವು ನೋಡಬೇಕಿತ್ತು. ಜಗತ್ತಿನ ಯಾವ ನವಾಬನಿಗೂ ಯಾವ ಮುತ್ತಿನಹಾರವೂ ಆ ಅರ್ಧ ಪರ್ಸೆಂಟ್ ಕೊಟ್ಟ ಸುಖವನ್ನು ಕೊಟ್ಟಿರಲಾರದು.

ಇದು ನಮ್ಮ ಊರಿನ ಜಾಯಮಾನ. ಮೈಸೂರಿನವನ ಕನಸಿಗೆ ಮೂವತ್ತು-ನಲವತ್ತು ಅಡಿ ಅಳತೆ. ಬಹಳ ಸೊಕ್ಕು ಬಂದರೆ ನಲವತ್ತು-ಅರವತ್ತು. ನಾಲ್ಕು ಮೂಲೆಗೆ ಕಲ್ಲು ನೆಟ್ಟು, ಪೂರ್ವಕ್ಕೆ ಬಾಗಿಲು ಬರುತ್ತದೆ ಅಂತ ಖಾತ್ರಿಯಾದ ಮೇಲೆಯೇ ಅವನ ಕಲ್ಪನೆ ಹಾರುವುದು. ಈ ಊರಿನಲ್ಲಿ ಸೈಟಿನ ವಿಷಯಕ್ಕೆ ರಾಜ್ಯದ ರಾಜಕೀಯವೇ ಅಲ್ಲಾಡಿದ್ದು ನಿಮಗೆ ಗೊತ್ತು, ಅದರ ಒಳಗೆ ನಾನು ಹೋಗುವುದಿಲ್ಲ. ಸೈಟಿನ ಬೆಲೆಯ ಮಾತಷ್ಟೇ ಹೇಳುತ್ತೇನೆ. ಸ್ವಾತಂತ್ರ್ಯ ಬಂದ ಮೇಲೆ ಮಾಜಿ ಅರಸರಿಗೆ ಕೇಂದ್ರ ಸರ್ಕಾರ ರಾಜಧನ ಕೊಡುತ್ತಿತ್ತಲ್ಲ, ನಮ್ಮ ಮೈಸೂರು ಮಹಾರಾಜರದು ವರ್ಷಕ್ಕೆ 26 ಲಕ್ಷ ರೂಪಾಯಿ. 1971ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಅದನ್ನು ನಿಲ್ಲಿಸಿದರು. ಇವತ್ತು ಆ 26 ಲಕ್ಷ ಹಿಡಿದುಕೊಂಡು ವಿಜಯನಗರದ ಬ್ರೋಕರ್ ಹತ್ತಿರ ಹೋಗಿ ಮೂವತ್ತು-ನಲವತ್ತು ಕೇಳಿದರೆ, “ಅಡ್ವಾನ್ಸಾ ಸಾರ್?” ಅನ್ನುತ್ತಾನೆ.

ಇಷ್ಟೊಂದು ಪುಕ್ಕಲುತನ ನಮಗೆ ಎಲ್ಲಿಂದ ಬಂತು? ನನ್ನ ಅನುಮಾನ ಒಂದು ಗಾದೆಯ ಮೇಲೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಚಿಕ್ಕಂದಿನಲ್ಲಿ ಹೊಸ ಚಪ್ಪಲಿ ಹಾಕಿಕೊಂಡು ಮನೆಯೊಳಗೆ ಒಂದು ಸುತ್ತು ಬಂದರೂ ಅಜ್ಜಿ ಇದನ್ನೇ ಹೇಳಿ ತಣ್ಣೀರು ಎರಚುತ್ತಿದ್ದರು. ಆ ಅಲ್ಪ ಯಾರು, ಅವನಿಗೆ ಎಷ್ಟು ದುಡ್ಡು ಬಂತು, ಏಜೆಂಟ್ ಕಮಿಷನ್ ಹೋಗಿ ಎಷ್ಟು ಉಳಿಯಿತು ಅಂತ ಯಾರೂ ವಿಚಾರಿಸಲಿಲ್ಲ. ನೂರಾರು ವರ್ಷದಿಂದ ಕನ್ನಡನಾಡು ಅವನನ್ನು ನೋಡಿ ನಗುತ್ತಿದೆ. ಅವನ ಪರವಾಗಿ ವಕಾಲತ್ತು ವಹಿಸುವವರು ಒಬ್ಬರಾದರೂ ಬೇಡವೇ?

ನಾನು ವಹಿಸುತ್ತೇನೆ. ನೋಡಿ, ಅವನು ಕೊಡೆ ಹಿಡಿದದ್ದು ಅರ್ಧರಾತ್ರಿಯಲ್ಲಿ. ಜಂಭ ಕೊಚ್ಚುವ ಆಸೆ ಇದ್ದಿದ್ದರೆ ಮಟಮಟ ಮಧ್ಯಾಹ್ನ ಸಂತೆಪೇಟೆಯ ನಡುವೆ ಹಿಡಿಯುತ್ತಿದ್ದ. ಎಲ್ಲರೂ ಮಲಗಿದ ಮೇಲೆ, ಯಾರ ಕಣ್ಣಿಗೂ ಬೀಳದ ಹೊತ್ತಿನಲ್ಲಿ, ತನ್ನ ಪಾಡಿಗೆ ತಾನು ಕೊಡೆ ಬಿಚ್ಚಿ ಅದರ ಕೆಳಗೆ ನಿಂತ. ಯಾರಿಗೆ ತೊಂದರೆಯಾಯಿತು? ಕಿಟಕಿಯಿಂದ ಇಣುಕಿ ನೋಡಿ ಬೆಳಗಾಗುವುದರೊಳಗೆ ಗಾದೆ ಕಟ್ಟಿದನಲ್ಲ, ಆ ನೆರೆಮನೆಯವನ ಬುದ್ಧಿ ಎಂಥದು? ಅವನು ಆ ಹೊತ್ತಿನಲ್ಲಿ ಯಾಕೆ ಎದ್ದಿದ್ದ?

ಇನ್ನೊಂದು ಮಾತು. ಮೈಸೂರಿನ ರತ್ನಸಿಂಹಾಸನವನ್ನು ನೀವು ನೋಡಿದ್ದೀರಿ, ಇಲ್ಲವಾದರೆ ದಸರಾ ಹೊತ್ತಿನಲ್ಲಿ ಪತ್ರಿಕೆಯ ಫೋಟೊದಲ್ಲಾದರೂ ನೋಡಿರುತ್ತೀರಿ. ಅದರ ಮೇಲೆ ಚಿನ್ನದ ಛತ್ರಿ ಇದೆ. ಸಿಂಹಾಸನ ಇರುವುದೆಲ್ಲಿ? ಅರಮನೆಯ ಒಳಗೆ, ಮಾಳಿಗೆಯ ಕೆಳಗೆ. ನವರಾತ್ರಿಯ ಖಾಸಗಿ ದರ್ಬಾರು ನಡೆಯುವುದು ಯಾವಾಗ? ಸಂಜೆ, ದೀಪ ಹಚ್ಚಿದ ಮೇಲೆ. ಮಳೆಯಿಲ್ಲ, ಬಿಸಿಲಿಲ್ಲ, ತಲೆಯ ಮೇಲೆ ಗಟ್ಟಿಮುಟ್ಟಾದ ಛಾವಣಿ, ಅದರ ಕೆಳಗೆ ಒಂದು ಕೊಡೆ. ಅದಕ್ಕೆ ಬಹುಪರಾಕು! ಬಡವ ಬೀದಿಯಲ್ಲಿ ಬಿಚ್ಚಿದರೆ ಗಾದೆ! ಈ ಮಾತನ್ನು ನಾನು ಮೇಷ್ಟ್ರ ಮುಂದೆ ಹೇಳಿದಾಗ ಅವರು ಹಿಂದೆ ಮುಂದೆ ನೋಡಿ, “ಮೆಲ್ಲಗೆ ಹೇಳಿ, ದಸರಾ ಪಾಸು ಸಿಗೋದು ಕಷ್ಟವಾಗುತ್ತೆ” ಅಂದರು.

ಆದರೆ ನಾನು ಅರಮನೆಯ ವೈರಿಯಲ್ಲ. ನಿಜ ಹೇಳಬೇಕೆಂದರೆ ನಮ್ಮ ಪುಕ್ಕಲುತನಕ್ಕೆ ಗಾದೆಗಿಂತ ಅರಮನೆಯೇ ದೊಡ್ಡ ಕಾರಣ ಅಂತ ಈಚೆಗೆ ನನಗೆ ಅನ್ನಿಸತೊಡಗಿದೆ. ಸುಖಪಡುವ ಕೆಲಸವನ್ನು ನಾವು ಮೈಸೂರಿನವರು ತಲೆತಲಾಂತರದ ಹಿಂದೆಯೇ ಮಹಾರಾಜರಿಗೆ ಗುತ್ತಿಗೆ ಕೊಟ್ಟುಬಿಟ್ಟಿದ್ದೇವೆ. ನಮ್ಮೆಲ್ಲರ ಪರವಾಗಿ ಅವರೇ ಆನೆ ಹತ್ತುತ್ತಿದ್ದರು, ಅವರೇ ರೇಷ್ಮೆ ಉಡುತ್ತಿದ್ದರು. ನಾವು ಫುಟ್‌ಪಾತಿನಲ್ಲಿ ಚಾಪೆ ಹಾಸಿಕೊಂಡು ಬೆಳಗಿನಿಂದ ಜಾಗ ಹಿಡಿದು, ಕಡಲೆಕಾಯಿ ತಿನ್ನುತ್ತ ಅದನ್ನು ನೋಡುತ್ತಿದ್ದೆವು.

ನೋಡಲು ಏನು ಕಡಿಮೆ ಇತ್ತು? 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ನಮ್ಮಂಥವರಾದರೆ ಛತ್ರದವನ ಅಡ್ವಾನ್ಸ್ ವಾಪಸು ಕೇಳುತ್ತಿದ್ದೆವು. ಅವರು ಹೆನ್ರಿ ಇರ್ವಿನ್‌ನನ್ನು ಕರೆಸಿ ಹೊಸ ಅರಮನೆಯನ್ನೇ ಕಟ್ಟಿಸಿದರು. 1912ಕ್ಕೆ ಮುಗಿಯಿತು. ಖರ್ಚು 41,47,913 ರೂಪಾಯಿ. ಆ ಕೊನೆಯ ಹದಿಮೂರು ರೂಪಾಯಿ ನನಗೆ ಬಹಳ ಇಷ್ಟ. ಲಕ್ಷಗಟ್ಟಲೆ ಸುರಿದರೂ ಯಾವನೋ ಗುಮಾಸ್ತ ಹದಿಮೂರು ರೂಪಾಯಿಯನ್ನು ಬಿಡದೆ ಬರೆದಿದ್ದಾನೆ ನೋಡಿ, ಅವನು ಅಪ್ಪಟ ಮೈಸೂರಿನವನು. ಅವನ ಮೊಮ್ಮಕ್ಕಳೇ ಈಗ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅರ್ಧ ಪರ್ಸೆಂಟ್ ಬಡ್ಡಿಯ ಕನಸು ಕಾಣುತ್ತಿರುವುದು.

ಇನ್ನು ಕಾರುಗಳ ಕತೆ. ಮೈಸೂರು ಅರಮನೆಗೆ ರೋಲ್ಸ್ ರಾಯ್ಸ್ ಕೊಳ್ಳುವಾಗ ಒಂದಲ್ಲ, ಎರಡಲ್ಲ, ಒಟ್ಟಿಗೆ ಏಳೇಳು ತರಿಸುತ್ತಿದ್ದರಂತೆ. ಕಂಪನಿಯವರು ಯಾರಾದರೂ ಸಗಟಾಗಿ ಕಾರು ಕೊಂಡರೆ ‘ಡೂಯಿಂಗ್ ಎ ಮೈಸೂರ್’ ಅನ್ನುತ್ತಿದ್ದರಂತೆ. ಹಳೆ ಕಾರುಗಳ ಹುಚ್ಚಿರುವವರು ಇಂದಿಗೂ ಇದನ್ನು ಕಣ್ಣರಳಿಸಿ ಹೇಳುತ್ತಾರೆ. ಅಲ್ಲಿಗೆ ಮೈಸೂರು ಅನ್ನುವ ಹೆಸರು ಇಂಗ್ಲೆಂಡಿನಲ್ಲಿ ಕೈಬಿಚ್ಚಿ ಖರ್ಚು ಮಾಡುವುದಕ್ಕೆ ನಿಂತಿತು. ಇಲ್ಲಿ ದೇವರಾಜ ಮಾರುಕಟ್ಟೆಯಲ್ಲಿ ನಾವು ಮೈಸೂರಿನವರು ಒಂದು ಮೊಳ ಮಲ್ಲಿಗೆಗೆ ಹೂವಾಡಗಿತ್ತಿಯ ಮೊಳಕೈಯನ್ನು ಅಳೆದು, “ಇದೇನಮ್ಮ ನಿನ್ನ ಮೊಳ ಇಷ್ಟು ಗಿಡ್ಡ” ಅನ್ನುತ್ತೇವೆ.

ಲಲಿತಮಹಲನ್ನೇ ತೆಗೆದುಕೊಳ್ಳಿ. 1921ರಲ್ಲಿ ಶುರುವಾದ ಆ ಬೆಳ್ಳನೆಯ ಅರಮನೆ ನೆಂಟರಿಗೋಸ್ಕರ. ವೈಸರಾಯ್ ಬಂದಾಗ ಉಳಿಯಲಿ ಅಂತ! ನಮ್ಮ ಮನೆಗೆ ನೆಂಟರು ಬಂದರೆ ಹಾಲಿನಲ್ಲಿ ಜಮಖಾನೆ ಹಾಸಿ, ಫ್ಯಾನು ಎರಡರಲ್ಲಿಟ್ಟು, “ರಾತ್ರಿ ಚಳಿಯಾಗುತ್ತೆ, ಮೂರು ಬೇಡ” ಅನ್ನುತ್ತೇವೆ. 1974ರಲ್ಲಿ ಲಲಿತಮಹಲು ಹೋಟೆಲಾಯಿತು. ಈಗ ದುಡ್ಡು ಕೊಟ್ಟರೆ ವೈಸರಾಯ್ ಮಲಗುತ್ತಿದ್ದ ಅರಮನೆಯಲ್ಲಿ ನಾವೂ ಮಲಗಬಹುದು. ನಮ್ಮ ಬಳಗದಲ್ಲಿ ಒಬ್ಬರೂ ಮಲಗಿಲ್ಲ. “ಮನೆ ಇಲ್ಲೇ ಇರೋವಾಗ ಅಲ್ಲ್ಯಾಕೆ ಮಲಗಬೇಕು?” ಅನ್ನುವ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಹದಿಮೂರು ಕೋಟಿಗೂ ಇಲ್ಲ.

ಅರಸೊತ್ತಿಗೆ ಹೋದರೂ ಗುತ್ತಿಗೆ ಮುಗಿಯಲಿಲ್ಲ. ಭಾನುವಾರ ಸಂಜೆ ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಬೆಂಗಳೂರಿನಿಂದ ನೆಂಟರು ಬಂದರೆ ನಾವು ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, “ಹೇಗಿದೆ?” ಅಂತ ನಾವೇ ಹೊತ್ತಿಸಿದ ಹಾಗೆ ಕೇಳುತ್ತೇವೆ. ಮನೆಗೆ ಬಂದು ಬಚ್ಚಲುಮನೆಯ ಲೈಟು ಆರಿಸದೆ ಬಂದ ಮಗನಿಗೆ ಬಯ್ಯುತ್ತೇವೆ. ಲಕ್ಷ ದೀಪದ ವೈಭವ, ಕರೆಂಟು ಬಿಲ್ಲು ನಮ್ಮದಲ್ಲ. ಇಂಥ ಏರ್ಪಾಡು ಇರುವ ಊರಿನಲ್ಲಿ ಭೋಗವನ್ನು ದುಡ್ಡು ಕೊಟ್ಟು ಕೊಳ್ಳುವ ಅಭ್ಯಾಸ ಹೇಗೆ ಬರಬೇಕು?

ಹೀಗೆ ಊರನ್ನೆಲ್ಲ ಬೈದ ಮೇಲೆ “ನಿಮ್ಮ ಪಟ್ಟಿ ಏನ್ರೀ?” ಅಂತ ಎಲ್ಲರೂ ನನ್ನ ಮೇಲೆ ಬಿದ್ದರು. ನನ್ನ ಪಟ್ಟಿ ಸಿದ್ಧವಾಗಿತ್ತು. ಮೊದಲ ಹೆಸರು: ಆನೆ.

ನಗಬೇಡಿ. ಮೈಸೂರಿನಲ್ಲಿ ಹುಟ್ಟಿ ಬೆಳೆದವನಿಗೆ ಬೇರೆ ಊರಿನವರ ಹಾಗೆ ವಿಹಾರ ನೌಕೆ, ಖಾಸಗಿ ವಿಮಾನ ಅಂತೆಲ್ಲ ಆಸೆ ಬರುವುದಿಲ್ಲ. ಕುಕ್ಕರಹಳ್ಳಿ ಕೆರೆಯಲ್ಲಿ ನೌಕೆ ಬಿಟ್ಟರೆ ಪಕ್ಷಿವೀಕ್ಷಕರು ಬಿಡುತ್ತಾರೆಯೇ? ಆನೆಯಾದರೋ ನಾವು ಕಂಡ ಪ್ರಾಣಿ. ದಸರಾಕ್ಕೆ ಬಂದ ಆನೆಗಳು ಧನ್ವಂತರಿ ರಸ್ತೆಯ ವೇಬ್ರಿಡ್ಜಿನಲ್ಲಿ ಲಾರಿಗಳ ಹಾಗೆ ತೂಕಕ್ಕೆ ನಿಲ್ಲುವುದನ್ನು, ಮರುದಿನ ಯಾರು ಎಷ್ಟು ಕೆಜಿ ಅಂತ ಪತ್ರಿಕೆಯಲ್ಲಿ ಬರುವುದನ್ನು ನೋಡುತ್ತ ಬಂದವರು ನಾವು. ಅಭಿಮನ್ಯು ಐದು ಟನ್ ದಾಟಿದ ಅಂದರೆ ನಮ್ಮ ಮಗುವಿನ ಮೈ ತುಂಬಿದಷ್ಟು ಖುಷಿ. ಮನೆಯಲ್ಲಿ ಯಾರಾದರೂ ಎರಡು ಕೆಜಿ ಏರಿಸಿಕೊಂಡರೆ ಮಾತ್ರ ಗಲಾಟೆ.

ಆನೆ ಕಟ್ಟಲು ಜಾಗ ಎಲ್ಲಿ ಅನ್ನುವುದು ಮೊದಲ ಪ್ರಶ್ನೆ. ಆಗ ಮಾತ್ರ ಕಾರ್ನರ್ ಸೈಟಿನವರು ಗೆಲುವಿನಿಂದ ನನ್ನ ಕಡೆ ನೋಡಿದರು. ಆಮೇಲೆ ಮಾವುತನಿಗೆ ಒಂದು ಮನೆ, ಕಾವಾಡಿಗೆ ಒಂದು ಮನೆ. ದಿನಕ್ಕೆ ಕ್ವಿಂಟಾಲುಗಟ್ಟಲೆ ಸೊಪ್ಪು. ಜೊತೆಗೆ ಕುಸುರೆ: ಬತ್ತದ ಹುಲ್ಲಿನೊಳಗೆ ಬತ್ತ, ತೆಂಗಿನಕಾಯಿ, ಬೆಲ್ಲ ಇಟ್ಟು ಕಟ್ಟಿಕೊಡುವ ಉಂಡೆ. ದಸರಾ ಆನೆಗಳಿಗೆ ಉದ್ದು, ಗೋಧಿ, ಕುಸುಬಲಕ್ಕಿ ಬೇಯಿಸಿ ಬೆಣ್ಣೆಯನ್ನೂ ಸೇರಿಸಿ ಕೊಡುತ್ತಾರೆ. “ಬೆಣ್ಣೆನಾ?” ಅಂದರು ರೈಲ್ವೆಯವರು. ಅವರಿಗೆ ಡಾಕ್ಟರು ಬೆಣ್ಣೆ ನಿಲ್ಲಿಸಿ ಬಹಳ ವರ್ಷವಾಗಿದೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುವ ಗಾದೆ ಹೇಳಿದವನು ಸಾವಿರಕ್ಕೆ ಬೆಲೆಯಿದ್ದ ಕಾಲದವನು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ನಮ್ಮ ಭಾವಮೈದ, ವಕೀಲ, ಫೋನಿನಲ್ಲಿ ಒಂದೇ ಮಾತಿನಲ್ಲಿ ನನ್ನ ಆನೆಯನ್ನು ಕೆಡವಿದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಆನೆಯನ್ನು ಮಾರುವ ಹಾಗೂ ಇಲ್ಲ, ಕೊಳ್ಳುವ ಹಾಗೂ ಇಲ್ಲ. “ಭಾವ, ನಿಮಗೆ ಅಷ್ಟೊಂದು ಆಸೆ ಇದ್ರೆ ಝೂಗೆ ಹೋಗಿ ದತ್ತು ತಗೊಳ್ಳಿ” ಅಂದ. ನಿಜ, 1892ರಲ್ಲಿ ಚಾಮರಾಜೇಂದ್ರ ಒಡೆಯರು ಆರಂಭಿಸಿದ ನಮ್ಮ ಮೃಗಾಲಯದಲ್ಲಿ ಆ ಸೌಕರ್ಯ ಇದೆ. ಒಂದು ವರ್ಷದ ಖರ್ಚು ಕಟ್ಟಿದರೆ ಆನೆ ನಿಮ್ಮ ದತ್ತುಪುತ್ರ. ಮೇವು ಹಾಕುವವರು ಅವರು, ಸಗಣಿ ಬಾಚುವವರು ಅವರು, ತೆರಿಗೆ ವಿನಾಯಿತಿ ನಿಮಗೆ. ಸಾಲದ್ದಕ್ಕೆ ಈ ಮಗ ದೊಡ್ಡವನಾಗಿ ಕೆನಡಾಕ್ಕೆ ಹೋಗುವುದಿಲ್ಲ, ಅಲ್ಲೇ ಇಂದಿರಾನಗರದ ಪಕ್ಕದಲ್ಲಿ, ಕಾರಂಜಿ ಕೆರೆಯ ಮಗ್ಗುಲಲ್ಲಿ ಇರುತ್ತಾನೆ. ಬೇಕೆಂದಾಗ ಹೋಗಿ ನೋಡಿ ಬರಬಹುದು. ಬ್ಯಾಂಕಿನವರು ಮೊದಲ ಸಲ ನನ್ನ ಪಟ್ಟಿಯಲ್ಲಿ ಆಸಕ್ತಿ ತೋರಿಸಿದರು. “ಆನೆಗೆ ಎಷ್ಟು ಪರ್ಸೆಂಟ್ ವಿನಾಯಿತಿ?” ಅಂದರು.

ಪಟ್ಟಿಯ ಉಳಿದ ಬಾಬುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಜಗನ್ಮೋಹನ ಅರಮನೆಯಲ್ಲಿ ಒಂದು ಫ್ರೆಂಚ್ ಗಡಿಯಾರ ಇದೆಯಲ್ಲ, ಗಂಟೆ ಹೊಡೆಯುವಾಗ ಪುಟ್ಟ ಸಿಪಾಯಿಗಳು ಕವಾಯತು ಮಾಡುತ್ತ ಬರುತ್ತಾರೆ, ಅಂಥದ್ದೊಂದು ನಮ್ಮ ಹಾಲಿಗೆ ಬೇಕು. ಗೋಲ್ಡನ್ ಚಾರಿಯಟ್ ರೈಲಿನಲ್ಲಿ ಒಂದು ಸುತ್ತು. 2008ರಲ್ಲಿ ಶುರುವಾದ ಈ ಐಷಾರಾಮಿ ರೈಲಿಗೆ ತಲೆಗೆ ಲಕ್ಷಗಳ ಲೆಕ್ಕ. ಹತ್ತಿಸಿಕೊಂಡು ಕರೆದೊಯ್ದು ತೋರಿಸುವ ಜಾಗಗಳಲ್ಲಿ ಒಂದು ಮೈಸೂರು! ಲಕ್ಷ ಕೊಟ್ಟು, ರೇಷ್ಮೆ ದಿಂಬಿನ ಮೇಲೆ ಒರಗಿ, ನಮ್ಮೂರ ಸ್ಟೇಷನ್ನಿನಲ್ಲಿ ಹಾರ ಹಾಕಿಸಿಕೊಂಡು ಇಳಿದು, ಗೈಡ್ ಬಾಯಿಂದ ನಮ್ಮ ಅರಮನೆಯ ಕತೆ ಕೇಳಿ, ಅವನು ಇಸವಿ ತಪ್ಪು ಹೇಳಿದರೆ ತಿದ್ದಬೇಕು. ಆಮೇಲೆ ಮೈಸೂರ್ ಸ್ಯಾಂಡಲ್‌ನ ಮಿಲೇನಿಯಂ ಸೋಪು. ಮೊದಲನೆ ಮಹಾಯುದ್ಧದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಾಗ, ಇಲ್ಲೇ ಎಣ್ಣೆ ತೆಗೆಯೋಣ ಅಂತ ಹೊರಟ ಸಾಹಸದಿಂದ ಹುಟ್ಟಿದ ಸೋಪು ನಮ್ಮದು. ಅದರಲ್ಲೇ ಈ ಮಿಲೇನಿಯಂ ಒಂದೇ ಬಿಲ್ಲೆಗೆ ಏಳೆಂಟು ನೂರು ದಾಟುತ್ತದೆ. ಅದರಲ್ಲಿ ಮೈ ತೊಳೆಯುವುದಿರಲಿ, ಕೊನೆಗೆ ಉಳಿಯುವ ತೆಳ್ಳನೆಯ ಚೂರನ್ನು ಹೊಸ ಬಿಲ್ಲೆಗೆ ಅಂಟಿಸದೆ ಬಿಸಾಡಬೇಕು. ಇಡೀ ಪಟ್ಟಿಯಲ್ಲಿ ನಿಜವಾದ ವಿಲಾಸ ಅಂದರೆ ಅದೊಂದೇ. ಅದನ್ನು ಕೇಳಿ ಮೇಷ್ಟ್ರೂ “ಅಯ್ಯೋ, ಪಾಪ ಬರುತ್ತೆ” ಅಂದರು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳು ತರಕಾರಿ ಹೆಚ್ಚುವುದನ್ನೂ ನಿಲ್ಲಿಸಲಿಲ್ಲ. “ಮೈಸೂರು ಸಿಲ್ಕು. ಕೆಎಸ್‌ಐಸಿದು. ನವಿಲುಗೊರಳು ಬಣ್ಣ, ದೊಡ್ಡಂಚು, ಮೈಯೆಲ್ಲ ಜರಿ. ಮಾನಂದವಾಡಿ ರಸ್ತೆ ಫ್ಯಾಕ್ಟರಿ ಶೋರೂಮಲ್ಲೇ ಆಗ್ಬೇಕು” ಅಂದಳು. ಊರಿನ ಅರ್ಧ ಡಜನ್ ಗಂಡಸರು ಒಂದು ಬೆಳಿಗ್ಗೆ ಪೂರ್ತಿ ಕೂತು ತಡವರಿಸಿದ ಪ್ರಶ್ನೆಗೆ ಅವಳಲ್ಲಿ ಅಂಚಿನ ಅಗಲದ ಸಮೇತ ಉತ್ತರವಿತ್ತು.

ಈ ವಿಷಯದಲ್ಲಿ ಅವಳ ಪಾಂಡಿತ್ಯ ನನಗೆ ಗೊತ್ತೇ ಇರಲಿಲ್ಲ. ಆ ಫ್ಯಾಕ್ಟರಿ 1912ರದು, ಅರಮನೆ ಮುಗಿದ ವರ್ಷದ್ದೇ. ಮಹಾರಾಜರು ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಹಾಕಿಸಿದರು. ಮೊದಮೊದಲು ನೇಯುತ್ತಿದ್ದದ್ದು ಅರಮನೆಯವರಿಗೆ. ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಪ್ರತಿ ಸೀರೆಗೂ ಒಂದು ನಂಬರು ಇರುತ್ತದೆ, ಅಸಲಿ-ನಕಲಿ ಗೊತ್ತಾಗಲಿ ಅಂತ. ಇದನ್ನೆಲ್ಲ ಅವಳು ಹುರುಳಿಕಾಯಿಯ ನಾರು ತೆಗೆಯುತ್ತ ಹೇಳಿದಳು. ಸೊನ್ನೆ ಪಾಯಿಂಟ್ ಆರು ಐದು! ಒಂದು ಪರ್ಸೆಂಟೂ ಇಲ್ಲದ ಚಿನ್ನಕ್ಕೆ ಇಷ್ಟೊಂದು ಬೆಲೆಯೇ ಅಂತ ನಾನು ಬಾಯಿ ಹಾಕಿದೆ. “ನಿಮ್ಮ ಸಂಬಳದಲ್ಲಿ ನನ್ನ ಪಾಲೂ ಅಷ್ಟೇ ಇತ್ತು, ನಾನು ಮಿಂಚಲಿಲ್ವಾ?” ಅಂದಳು. ಇದಕ್ಕೆ ಉತ್ತರ ಯೋಚಿಸುತ್ತಿದ್ದೇನೆ, ಹೊಳೆದಾಗ ತಿಳಿಸುತ್ತೇನೆ.

“ಸರಿ, ಒಂದು ಸೀರೆ ಆಯ್ತು. ಉಳಿದ ಹನ್ನೆರಡು ಕೋಟಿ ಚಿಲ್ಲರೆಗೆ?” ಅಂದೆ.

“ಸೀರೆ ತರೋಕೆ ಕ್ಯೂ ನಿಂತ್ಕೋಬೇಕು. ಈಗೀಗ ಜನ ಬೆಳಗಿನ ಜಾವಕ್ಕೇ ಹೋಗಿ ನಿಲ್ತಾರೆ. ನನ್ನ ಬದ್ಲು ನಿಂತ್ಕೊಳ್ಳೋಕೆ ಒಬ್ಬರನ್ನ ಇಟ್ಕೊಳ್ಳಿ.”

“ಯಾರನ್ನ?”

“ಯಾರನ್ನಾದ್ರೂ. ನೀವೇ ಆಗ್ಬಹುದು, ಸಂಬಳ ಕೊಡ್ತೀನಿ.”

ಆರ್.ಕೆ. ನಾರಾಯಣರ ಮಾರ್ಗಯ್ಯನೂ ಐಶ್ವರ್ಯಕ್ಕಾಗಿ ಲಕ್ಷ್ಮಿಯ ಜಪ ಮಾಡಿದವನೇ, ಟಿ.ಎಸ್. ನಾಗಾಭರಣರ ‘ಬ್ಯಾಂಕರ್ ಮಾರ್ಗಯ್ಯ’ ಸಿನಿಮಾದಲ್ಲಿ ಲೋಕೇಶ್ ಆ ಪಾತ್ರ ಮಾಡಿದ್ದರು. ಕೊನೆಗೆ ಅವನು ದಿವಾಳಿ ಎದ್ದ. ಅವನ ಹೆಂಡತಿಯನ್ನು ಯಾರಾದರೂ ಮೊದಲೇ ಒಂದು ಮಾತು ಕೇಳಿದ್ದರೆ ಕತೆ ಬೇರೆಯಾಗುತ್ತಿತ್ತೇನೋ. ಯಾದವಗಿರಿಯಲ್ಲಿ ನಾರಾಯಣರ ಮನೆ ಈಗ ವಸ್ತುಸಂಗ್ರಹಾಲಯ. ಆ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಬರುವ ಯೋಚನೆಯೂ, ಬೇರೆ ಮೈಸೂರಿಗರಿಗೆ ಬರುವ ಯೋಚನೆಯೇ: ಎಂಥ ಒಳ್ಳೆ ಸೈಟು!

ಮುಂದಿನ ವಾರ ಬಳಗದವರೆಲ್ಲ ಸೇರಿ ಒಂದು ನಿರ್ಧಾರಕ್ಕೆ ಬಂದೆವು. ಬರಿದೇ ಕನಸು ಕಂಡರೆ ಆಗುವುದಿಲ್ಲ, ಮುಂದಿನ ಬಂಪರ್‌ಗೆ ನಾವೂ ಟಿಕೆಟ್ ತರಬೇಕು. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ಸೈಕಲ್ಲಿಗೆ ಮೈಕು ಕಟ್ಟಿಕೊಂಡು “ಇಂದೇ ಡ್ರಾ” ಅಂತ ಕೂಗುತ್ತಿದ್ದ ಕಾಲ ಹೋಯಿತು. ಕೇರಳದ್ದಾದರೆ ಸರ್ಕಾರವೇ ನಡೆಸುವ ಲಾಟರಿ, 1968ರ ಜನವರಿ 26ರಂದು ಮೊದಲ ಡ್ರಾ. ಆಗ ಟಿಕೆಟ್ಟಿಗೆ 1 ರೂಪಾಯಿ, ಬಹುಮಾನ 50,000. ಓಣಂ ಬಂಪರ್ ಟಿಕೆಟ್ಟಿಗೆ ಈಗ 500. ಆನ್‌ಲೈನಿನಲ್ಲಿ ಸಿಗುವುದಿಲ್ಲ, ಹೋಗಿಯೇ ತರಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದರಿಂದ ಕತ್ತಲಾಗುವುದರೊಳಗೆ ವಾಪಸು ಬರಬೇಕು. ಐದು ಜನ, ತಲೆಗೆ 100 ರೂಪಾಯಿ, ಒಂದು ಟಿಕೆಟ್.

ಟಿಕೆಟ್ ಯಾರ ಜೇಬಿನಲ್ಲಿರಬೇಕು ಅನ್ನುವಲ್ಲಿ ಮೊದಲ ಬಿಕ್ಕಟ್ಟು. ಬ್ಯಾಂಕಿನವರು ತಮ್ಮ ಲಾಕರಿನಲ್ಲಿ ಇಡುವುದಾಗಿ ಹೇಳಿದರು. ಮೂವತ್ತು ವರ್ಷದ ಸ್ನೇಹಿತರು ಅವರನ್ನು ಒಂದು ಥರಾ ನೋಡಿದರು. ಐದೂ ಜನರ ಸಹಿ ಟಿಕೆಟ್ಟಿನ ಹಿಂದೆ ಹಾಕುವುದೆಂದು ಮೇಷ್ಟ್ರು ಸಲಹೆ ಕೊಟ್ಟರು. ಮೊದಲ ಸಹಿ ಯಾರದು ಅಂತ ಚರ್ಚೆಯಾಯಿತು. ಬಹುಮಾನ ಹಂಚಿಕೊಂಡರೆ ತಲೆಗೆ ಎರಡೂವರೆ ಕೋಟಿ ಚಿಲ್ಲರೆ ಅಂತ ಗೊತ್ತಾದಾಗ ಕಾರ್ನರ್ ಸೈಟಿನವರ ಮುಖ ಬಾಡಿತು. “ಇಷ್ಟರಲ್ಲಿ ಏನ್ರೀ ಬರುತ್ತೆ? ನಾಲ್ಕೇ ಜನ ಆದ್ರೆ ವಾಸಿ” ಅಂತ ಅವರು ನನ್ನ ಕಡೆ ನೋಡಿದರು. ಆನೆ ಕೊಳ್ಳುವವನ ಹತ್ತಿರ ದುಡ್ಡು ನಿಲ್ಲುವುದಿಲ್ಲ, ಆದ್ದರಿಂದ ನನಗೆ ಕೊಡುವುದೂ ಒಂದೇ, ಕೊಡದಿರುವುದೂ ಒಂದೇ ಅನ್ನುವುದು ಅವರ ವಾದ. ನಾನೂ ಬಿಡಲಿಲ್ಲ. ಆನೆಯನ್ನು ಕೈಬಿಟ್ಟು ಸೋಪಿಗೆ ಇಳಿಯಲು ಒಪ್ಪಿದೆ.

ಎಲ್ಲ ಬಗೆಹರಿದು, ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡುವುದು ಅಂತಾಯಿತು. ಕಾರು ರೈಲ್ವೆಯವರ ಮಗನದು. ಏಳುವ ಹೊತ್ತಿಗೆ ರೈಲ್ವೆಯವರು ಗಂಟಲು ಸರಿಮಾಡಿಕೊಂಡು ಕೇಳಿದರು, “ಅದಿರ್ಲಿ, ಪೆಟ್ರೋಲು ಯಾರ್ದು?”